ಲಾಯದ ಸೆಲಿನ್ ಹೇಳಿದ ಮಾತು

ಗಣೇಶಗುಡಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಕಾಳಿ ನದಿಯ ಕಡೆಯಿಂದ ಬಂದ ಮಂಜು ಲಾಯದ ತಗಡಿನ ಮೇಲೆ ಕೂತು ಹನಿಹನಿಯಾಗಿ ಇಳಿಯುತ್ತಿದೆ. ಸೆಲಿನ್ ಕಂದು ಬಣ್ಣದ ಹೆಣ್ಣು ಕುದುರೆಯೊಂದರ ಮೈ ಉಜ್ಜುತ್ತಿದ್ದಾರೆ. ಅರ್ಧಕ್ಕೇ ಕೈ ನಿಲ್ಲಿಸಿ ಗೇಟಿನವರೆಗೆ ಹೋಗುತ್ತಾರೆ, ಬೀಗ ನೋಡುತ್ತಾರೆ, ಮತ್ತೆ ಬಂದು ಉಜ್ಜುತ್ತಾರೆ. ಕುದುರೆಯ ಹೆಸರು ರೇಶ್ಮಾ. ಅದರ ಹೊಟ್ಟೆಯಡಿ ತಿಂಗಳೂ ತುಂಬದ ಮರಿ ತನ್ನ ಉದ್ದ ಕಾಲುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದೆ.

ಈ ಲಾಯದಲ್ಲಿ ಸೆಲಿನ್ ಅವರಿಗೆ ಇದೇ ಕೊನೆಯ ದಿನ. ರೇಶ್ಮಾಳಿಗೂ ಹೌದು. ಟೆಂಪೊ ಆಗಲೇ ಹೊರಗೆ ಬಂದು ನಿಂತಿದೆ. ಚಾಲಕನ ಪಕ್ಕ ಕೂತಿರುವ ಕುದುರೆಯ ಮಾಲೀಕ ಆರೀಫ ಕೆಳಗಿಳಿಯುತ್ತಾರೆ, ಹತ್ತುತ್ತಾರೆ, ಮತ್ತೆ ಇಳಿಯುತ್ತಾರೆ. ಬೀಗದ ಕೀಲಿ ಇರುವುದು ಲಾಯದ ಯಜಮಾನ ಮಹಾಂತಪ್ಪನವರ ಬಳಿ. ಗೇಟಿನ ಕಿರುಬಾಗಿಲಿನಲ್ಲಿ ಆಳು ನುಸುಳಬಹುದು, ಕುದುರೆ ಹೊರಬರಬೇಕಾದರೆ ಬೀಗ ತೆಗೆಯಲೇಬೇಕು. ಅವರು ಬರುತ್ತಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

‘ಎದೀ ಡವಡವ ಅಂತೈತ್ರಿ. ಇಷ್ಟು ವರ್ಷ ಈ ಗೇಟಿನಾಗ ಅಡ್ಡಾಡೇನಿ, ಇವತ್ತ ಯಾಕೋ ಇದು ಭಾಳ ಎತ್ತರ ಕಾಣಾಕ್ಹತ್ತೈತಿ’ ಎನ್ನುತ್ತಾರೆ ಸೆಲಿನ್.

ದಾಂಡೇಲಿ, ಜೋಯಿಡಾ ಸುತ್ತಮುತ್ತ ರೆಸಾರ್ಟ್‌ಗಳು ಹೆಚ್ಚಿದ ಹಾಗೆ ಪ್ರವಾಸಿಗರನ್ನು ಕೂರಿಸಿಕೊಂಡು ತಿರುಗುವ ಕುದುರೆಗಳೂ ಬಂದವು. ಕೆಲವು ಮದುವೆ ಮೆರವಣಿಗೆಗೂ ಹೋಗುತ್ತವೆ. ಕುದುರೆ ಸಾಕಿದವರಲ್ಲಿ ಹಲವರಿಗೆ ಅದನ್ನು ಕಟ್ಟುವಷ್ಟು ಜಾಗ ಮನೆಯಲ್ಲಿಲ್ಲ. ಅಂಥವರು ತಿಂಗಳಿಗಿಷ್ಟು ಎಂದು ಕೊಟ್ಟು ಮಹಾಂತಪ್ಪನವರ ಲಾಯದಲ್ಲಿ ಬಿಡುತ್ತಾರೆ. ಎಂಟು ಕುದುರೆಗಳಿಗೆ ಹುರಳಿ ಬೇಯಿಸುವುದು, ಹುಲ್ಲು ಹಾಕುವುದು, ನೀರು ತುಂಬುವುದು, ಲದ್ದಿ ಬಾಚುವುದು, ಗೊರಸಿನ ಸಂದಿಯ ಕಲ್ಲು ತೆಗೆಯುವುದು ಎಲ್ಲ ಸೆಲಿನ್ ಅವರದೇ ಕೆಲಸ. ನಸುಕಿನಲ್ಲಿ ಬಂದರೆ ದೀಪ ಹಚ್ಚುವ ಹೊತ್ತಿಗೆ ಮನೆ.

ಅವರು ಹಳಿಯಾಳ ತಾಲೂಕಿನಲ್ಲಿ ತಲೆಮಾರುಗಳಿಂದ ಇರುವ, ಆಫ್ರಿಕಾ ಮೂಲದ ಸಿದ್ದಿ ಕುಟುಂಬದವರು. ಗಂಡ ಜೇವಿಯರ್ ನದಿಯಲ್ಲಿ ರಾಫ್ಟಿಂಗ್ ಗೈಡ್. ಕುದುರೆ ನೋಡಲು ಬಂದ ಪ್ರವಾಸಿಗರಲ್ಲಿ ಯಾರಾದರೊಬ್ಬರು ‘ಯಾವ ದೇಶದವರು?’ ಎಂದು ಕೇಳಿಯೇ ಕೇಳುತ್ತಾರೆ. ಹಳಿಯಾಳದವಳು ಎಂದು ಹೇಳಿ ಸೆಲಿನ್ ಹುಲ್ಲಿನ ಹೊರೆ ಎತ್ತಿಕೊಂಡು ಒಳಗೆ ಹೋಗುತ್ತಾರೆ.

ಅವರು ಮೊದಲು ಇಲ್ಲಿಗೆ ಬಂದದ್ದು ಹುಲ್ಲು ಕೊಯ್ದು ಹಾಕಲು. ಒಂದು ದಿನ ಬಂದು ನೋಡಿದರೆ, ಕುದುರೆ ನೋಡಿಕೊಳ್ಳುತ್ತಿದ್ದ ಆಳು ಯಾರಿಗೂ ಹೇಳದೆ ಕೆಲಸ ಬಿಟ್ಟು ಹೋಗಿದ್ದ. ಕುದುರೆಗಳು ಖಾಲಿ ತೊಟ್ಟಿಯನ್ನು ಮೂತಿಯಿಂದ ತಳ್ಳುತ್ತ ನಿಂತಿದ್ದವು. ಸೆಲಿನ್ ಹೆದರುತ್ತಲೇ ಕೊಡಪಾನ ಹಿಡಿದು ಒಳಗೆ ಹೋದರು. ಅಂದಿನಿಂದ ಆ ಕೆಲಸ ಅವರ ಕೈಗೇ ಬಂತು.

ಲಾಯಕ್ಕೆ ಒಂದು ನಿಯಮವಿತ್ತು. ಕುದುರೆ ಬಿಡಿಸಿಕೊಂಡು ಹೋಗುವವರು ಒಂದು ತಿಂಗಳು ಮುಂಚೆ ಹೇಳಬೇಕು. ಅದರಲ್ಲಿ ನ್ಯಾಯವಿಲ್ಲ ಎಂದು ಸೆಲಿನ್ ಕೂಡ ಹೇಳುವುದಿಲ್ಲ. ಹಿಂದೊಮ್ಮೆ ಲಾರಿ ತುಂಬ ಮೇವು ಇಳಿಸಿದ ಮರುದಿನವೇ ಒಬ್ಬರು ಮೂರು ಕುದುರೆಗಳನ್ನು ಹೊಡೆದುಕೊಂಡು ಹೋದರಂತೆ. ಮಹಾಂತಪ್ಪ ಅಂದಿನಿಂದ ಗೇಟಿಗೆ ಬೀಗ ಹಾಕಿದರು. ಆದರೆ ಅವರು ಲಾಯದಲ್ಲಿ ಸಿಗುವುದು ಅಪರೂಪ. ಹೀಗಾಗಿ ಬಿಡಿಸಿಕೊಂಡು ಹೋಗುವವರೆಲ್ಲ ಸೆಲಿನ್ ಬಳಿ ಹೇಳುತ್ತಿದ್ದರು, ಸೆಲಿನ್ ಅದನ್ನು ಯಜಮಾನರಿಗೆ ಮುಟ್ಟಿಸುತ್ತಿದ್ದರು. ಎಲ್ಲವೂ ಬಾಯಿಮಾತಿನಲ್ಲೇ ನಡೆಯುತ್ತಿತ್ತು.

ಕ್ರಿಸ್‌ಮಸ್ ಹೊತ್ತಿಗೆ ಲಾಯದ ಪಕ್ಕದ ಬಯಲಿನಲ್ಲಿ ಯಾರೋ ಟೆಂಟ್‌ಗಳನ್ನು ಹಾಕಿದರು. ಸಂಜೆಯಾದರೆ ಪಟಾಕಿ, ಜೋರು ಹಾಡು. ಗಬ್ಬವಾಗಿದ್ದ ರೇಶ್ಮಾ ಪ್ರತಿ ಸದ್ದಿಗೂ ಗೋಡೆಗೆ ಮೈ ಬಡಿದುಕೊಳ್ಳತೊಡಗಿತು. ದಾಂಡೇಲಿಯಲ್ಲಿ ಗ್ಯಾರೇಜ್ ಇಟ್ಟುಕೊಂಡಿರುವ ಆರೀಫ ಇದನ್ನು ಕಂಡು ಗಾಬರಿಯಾದರು. ಹಳಿಯಾಳದಲ್ಲಿರುವ ಅಕ್ಕ ಆಸಿಫಾ ಅವರ ಹಿತ್ತಲಲ್ಲಿ ಖಾಲಿ ಶೆಡ್ ಇತ್ತು. ಮುಂದಿನ ತಿಂಗಳು ಅಲ್ಲಿಗೆ ಒಯ್ಯುತ್ತೇನೆ, ಯಜಮಾನರಿಗೆ ತಿಳಿಸಿ ಎಂದು ಸೆಲಿನ್ ಅವರಿಗೆ ಹೇಳಿ ಹೋದರು.

ಮರುದಿನವೇ ಸೆಲಿನ್ ತಿಳಿಸಿದರು. ಮಹಾಂತಪ್ಪ ಆಗ ಮೊಬೈಲಿನಲ್ಲಿ ಯಾರೊಂದಿಗೋ ಜಗಳವಾಡುತ್ತಿದ್ದರು. ಸೆಲಿನ್ ಕಡೆ ಕೈ ಎತ್ತಿ ‘ಹೂಂ, ಹೂಂ’ ಎಂದರು. ಅಷ್ಟೇ.

ತಿಂಗಳು ಕಳೆದು ಆರೀಫ ಟೆಂಪೊ ತಂದಾಗ ಗೇಟು ತೆರೆಯಲಿಲ್ಲ. ತನಗೆ ಯಾರೂ ಹೇಳಿಲ್ಲ, ಬೇಕಿದ್ದರೆ ಇವತ್ತಿನಿಂದ ತಿಂಗಳು ಎಣಿಸಿಕೊಳ್ಳಿ ಎಂದರು ಮಹಾಂತಪ್ಪ. ಸೆಲಿನಕ್ಕನಿಗೆ ಹೇಳಿದ್ದೇನಲ್ಲ ಎಂದರು ಆರೀಫ. ಮಾತಿಗೆ ಮಾತು ಬೆಳೆಯಿತು. ಆರೀಫ ಜೊತೆ ಬಂದಿದ್ದವರು ಬೀಗ ಒಡೆಯೋಣ ಎಂದರು. ಒಡೆದು ನೋಡಿ ಎಂದು ಮಹಾಂತಪ್ಪ ಗೇಟಿಗೆ ಬೆನ್ನು ಕೊಟ್ಟು ನಿಂತರು. ಒಳಗೆ ರೇಶ್ಮಾಳ ಕೆಚ್ಚಲು ಬಿಗಿದಿತ್ತು, ಕಾಲು ನಡುಗುತ್ತಿದ್ದವು. ಇಂದೋ ನಾಳೆಯೋ ಈಯುವ ಕುದುರೆ.

‘ಕೂಲಿಯಾಕಿ ಮಾತ ಹಿಡ್ಕೊಂಡು ನನ್ನ ಗೇಟಿಗೆ ಬಂದೀರಿ? ಕರೀರಿ ಆಕಿನ್ನ, ನನ್ನ ಮುಂದ ಹೇಳಲಿ’ ಎಂದರು ಮಹಾಂತಪ್ಪ.

ಸೆಲಿನ್ ಬಂದರು. ಹೇಳಿದ್ದೇನೆ ಎಂದರೆ ಇಷ್ಟು ವರ್ಷ ಅನ್ನ ಕೊಟ್ಟ ಯಜಮಾನ ಸುಳ್ಳುಗಾರರಾಗುತ್ತಾರೆ. ಹೇಳಿಲ್ಲ ಎಂದರೆ ತಾವೇ ಸುಳ್ಳಿಯಾಗುತ್ತಾರೆ.

‘ನಾ ಹೇಳೇನ್ರಿ ಸಾಹುಕಾರ್ರ. ನೀವು ಹೂಂ ಅಂದ್ರಿ. ನಿಮಗ ಕೇಳಿಸಿತ್ತೋ ಇಲ್ಲೋ ನನಗ ಗೊತ್ತಿಲ್ಲ. ಹೇಳಿದ್ದಂತೂ ಖರೆ.’

ಮಹಾಂತಪ್ಪನವರ ಮುಖ ಕೆಂಪಾಯಿತು. ಹಾಗಾದರೆ ನೀನೂ ಅವರ ಜೊತೆಗೇ ಹೊರಡು ಎಂದರು. ಸೆಲಿನ್ ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

‘ಹೋಗ್ತೇನ್ರಿ. ಆದ್ರ ಇವತ್ತಲ್ಲ. ಇವತ್ತ ಹೇಳಾಕ್ಹತ್ತೇನಿ, ತಿಂಗಳು ತುಂಬಿದ ಮ್ಯಾಲ ಹೋಗ್ತೇನಿ. ಅಲ್ಲೀತನಾ ಕೆಲಸಕ್ಕ ಬರ್ತೇನಿ.’

ಅದು ಮಹಾಂತಪ್ಪನವರದೇ ನಿಯಮ. ಅವರು ಕೀಲಿಯನ್ನು ಜೇಬಿಗಿಳಿಸಿ ಹೊರಟುಹೋದರು. ಈ ಸ್ಥಿತಿಯಲ್ಲಿ ಗದ್ದಲವಾದರೆ ತಾಯಿ, ಮರಿ ಎರಡಕ್ಕೂ ಅಪಾಯ ಎಂದು ಸೆಲಿನ್ ಆರೀಫನ ಕಡೆಯವರನ್ನೂ ಸಮಾಧಾನ ಮಾಡಿ ಕಳಿಸಿದರು.

ಅದೇ ವಾರದಲ್ಲೊಂದು ಬೆಳಿಗ್ಗೆ ಸೆಲಿನ್ ಕೆಲಸಕ್ಕೆ ಬಂದಾಗ ರೇಶ್ಮಾ ಮಲಗಿ ತಿಣುಕುತ್ತಿತ್ತು. ಮರಿಯ ಒಂದು ಕಾಲು ಮಾತ್ರ ಹೊರಗೆ ಬಂದಿತ್ತು. ಮುಂದಿನ ಕಾಲುಗಳೆರಡೂ ಜೊತೆಯಾಗಿ ಬರಬೇಕು ಎಂಬುದು ಅವರಿಗೆ ತಿಳಿದಿತ್ತು. ದನದ ಡಾಕ್ಟರಿಗೆ ಫೋನ್ ಮಾಡಿದರೆ ಬರಲು ಹೊತ್ತಾಗುತ್ತದೆ ಎಂದರು. ಆ ಹೊತ್ತಿಗೆ ಅಲ್ಲಿಗೆ ಬಂದ ಮನುಷ್ಯ ಎಂದರೆ ಮಹಾಂತಪ್ಪ ಒಬ್ಬರೇ.

ಜಗಳದ ದಿನದಿಂದ ಇಬ್ಬರ ನಡುವೆ ಮಾತಿರಲಿಲ್ಲ. ಮಹಾಂತಪ್ಪ ಅಂಗಿಯ ತೋಳು ಮಡಚಿ ಕುದುರೆಯ ತಲೆಯನ್ನು ತೊಡೆಯ ಮೇಲೆ ಹಿಡಿದು ಕೂತರು. ಡಾಕ್ಟರು ಫೋನಿನಲ್ಲಿ ಹೇಳಿದ ಹಾಗೆ ಸೆಲಿನ್ ಕೈಗೆ ಎಣ್ಣೆ ಹಚ್ಚಿಕೊಂಡು, ಒಳಗೆ ಮಡಚಿಕೊಂಡಿದ್ದ ಕಾಲನ್ನು ಮೆಲ್ಲಗೆ ಬಿಡಿಸಿ ತಂದರು. ಕೈ ಸೋತಾಗ ಸ್ವಲ್ಪ ನಿಂತು ಮತ್ತೆ ಹಚ್ಚಿದರು. ಬಿಸಿಲು ತಗಡಿಗೆ ಬಡಿಯುವ ಹೊತ್ತಿಗೆ ಮರಿ ಒದ್ದೆ ಹುಲ್ಲಿನ ಮೇಲೆ ಬಿದ್ದು ಉಸಿರಾಡಿತು. ಮಹಾಂತಪ್ಪನವರ ಕಣ್ಣಲ್ಲಿ ನೀರು ಬಂದಿತ್ತು ಎನ್ನುತ್ತಾರೆ ಸೆಲಿನ್. ‘ಅವರು ಕೆಟ್ಟವರಲ್ರೀ. ಸೋಲಾಕ ಬರೂದಿಲ್ಲ ಅಷ್ಟ.’

ಮರಿ ಗಟ್ಟಿಯಾಗುವವರೆಗೆ ಸಾಗಿಸುವಂತಿರಲಿಲ್ಲ. ಗೇಟು ತೆರೆಯಿರಿ ಎಂದು ಜಗಳವಾಡಿದ್ದ ಆರೀಫ ಈಗ ಇನ್ನಷ್ಟು ದಿನ ಇರಲಿ ಎಂದು ಕೇಳಿಕೊಳ್ಳಬೇಕಾಯಿತು. ಮಹಾಂತಪ್ಪ ಒಪ್ಪಿದರು, ಟೆಂಟ್‌ನವರ ಬಳಿ ಹೋಗಿ ಪಟಾಕಿಯನ್ನೂ ನಿಲ್ಲಿಸಿ ಬಂದರು. ಸೆಲಿನ್ ಅವರಿಗೂ ಎಲ್ಲ ಮರೆತು ಇಲ್ಲೇ ಇರು ಎಂದರು.

ಇರುತ್ತೇನೆ ಎಂದರು ಸೆಲಿನ್, ಆದರೆ ಒಂದು ಮಾತು. ನಾನು ಹೇಳಿದ್ದು ನಿಜ ಎಂದು ಆರೀಫನೆದುರು ಒಪ್ಪಿಕೊಳ್ಳಬೇಕು.

ಮಹಾಂತಪ್ಪ ಒಪ್ಪಲಿಲ್ಲ. ಸೆಲಿನ್ ಆ ತಿಂಗಳೆಲ್ಲ ಎಂದಿನಂತೆ ಬಂದು ಹುರಳಿ ಬೇಯಿಸಿದರು, ಲದ್ದಿ ಬಾಚಿದರು. ಮನೆಯಲ್ಲಿ ನಿದ್ದೆ ಹತ್ತುತ್ತಿರಲಿಲ್ಲ. ಒಂದು ಮಾತಿಗಾಗಿ ಕೆಲಸ ಕಳೆದುಕೊಳ್ಳಬೇಕೇ ಎಂದು ಜೇವಿಯರ್ ಕೇಳಿದ್ದರಂತೆ. ಮಳೆಗಾಲದಲ್ಲಿ ಅವರಿಗೆ ನದಿ ಕೆಲಸವಿರುವುದಿಲ್ಲ, ಮನೆ ನಡೆಯುವುದು ಈ ಲಾಯದಿಂದಲೇ. ಸೆಲಿನ್ ಎದ್ದು ಅಂಗಳದಲ್ಲಿ ತಿರುಗಾಡುತ್ತಿದ್ದರು. ಬೇರೆ ದಾರಿ ತೋರಿಸಿದವರು ಆರೀಫನ ಅಕ್ಕ ಆಸಿಫಾ. ಹಿತ್ತಲಿನ ಶೆಡ್ಡಿನಲ್ಲಿ ಸಣ್ಣ ಲಾಯ ಮಾಡೋಣ, ನೋಡಿಕೊಳ್ಳಲು ನೀವು ಬನ್ನಿ ಎಂದು ಹೇಳಿ ಕಳಿಸಿದರು.

ಇವತ್ತು ಮಹಾಂತಪ್ಪನವರ ಬೈಕಿನ ಸದ್ದು ಕೇಳಿದಾಗ ಮಂಜು ಕರಗಿದೆ. ಅವರು ಯಾರನ್ನೂ ನೋಡದೆ ನೇರ ಗೇಟಿಗೆ ಬರುತ್ತಾರೆ. ಬೀಗ ತೆಗೆದು, ಎರಡೂ ಕದಗಳನ್ನು ತಾವೇ ತಳ್ಳುತ್ತಾರೆ. ಸೆಲಿನ್ ಮರಿಯನ್ನು ಎದೆಗಾನಿಸಿಕೊಂಡು ಹಲಗೆಯ ಮೇಲೆ ಹತ್ತಿಸುತ್ತಾರೆ. ರೇಶ್ಮಾ ಒಂದು ಕ್ಷಣ ಅಳುಕಿ, ಮರಿಯ ಹಿಂದೆಯೇ ಟೆಂಪೊ ಹತ್ತುತ್ತದೆ.

ಆಗ ಮಹಾಂತಪ್ಪ ಕೈಯಲ್ಲಿದ್ದ ಬೀಗವನ್ನೇ ನೋಡುತ್ತ ಆರೀಫನಿಗೆ ಹೇಳುತ್ತಾರೆ: ‘ಆಕಿ ಹೇಳಿರಬೇಕು. ನಾನ ಕೇಳಿರಲಿಕ್ಕಿಲ್ಲ.’

ಆರೀಫ ಸೆಲಿನ್ ಮುಖ ನೋಡುತ್ತಾರೆ. ಮಹಾಂತಪ್ಪ ಈಗ ಸೆಲಿನ್ ಕಡೆ ತಿರುಗಿ, ಇನ್ನಾದರೂ ಇರಬಹುದಲ್ಲ ಎನ್ನುತ್ತಾರೆ. ಸೆಲಿನ್ ಅವರ ಕಣ್ಣು ತುಂಬಿಕೊಳ್ಳುತ್ತದೆ. ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ.

‘ಈ ಮಾತ ಆಗ ಅಂದಿದ್ರ ಇರ್ತಿದ್ನಿರಿ. ಈಗ ಆಸಿಫಾ ಅಕ್ಕಗ ಬರ್ತೇನಿ ಅಂತ ಹೇಳಿಬಿಟ್ಟೇನಿ.’

ಬಿಳಿ ಕುದುರೆಯ ಹಿಂಗಾಲಿಗೆ ಇನ್ನೆರಡು ದಿನ ಅರಿಶಿನ ಹಚ್ಚಬೇಕು ಎಂದು ನೆನಪಿಸಿ ಅವರು ಟೆಂಪೊ ಹತ್ತುತ್ತಾರೆ. ದಾಂಡೇಲಿ ದಾಟಿ ಹಳಿಯಾಳ ಮುಟ್ಟುವವರೆಗೆ ಹಿಂದೆ ನಿಂತೇ ಇರುತ್ತಾರೆ, ಒಂದು ಕೈ ತಾಯಿಯ ಕುತ್ತಿಗೆಯ ಮೇಲೆ, ಇನ್ನೊಂದು ಮರಿಯ ಬೆನ್ನ ಮೇಲೆ.

ಹದಿನೈದು ದಿನಗಳ ನಂತರ ಹಳಿಯಾಳಕ್ಕೆ ಹೋದಾಗ ಶೆಡ್ಡಿಗೆ ಹೊಸ ಬಿದಿರಿನ ತಡಿಕೆ ಬಂದಿದೆ. ಜೇವಿಯರ್ ಗಣೇಶಗುಡಿಯಲ್ಲೇ ಇದ್ದಾರೆ, ಭಾನುವಾರ ಬಂದು ಹೋಗುತ್ತಾರೆ. ಸೆಲಿನ್ ಅವರಿಗೆ ಇಲ್ಲಿ ಇನ್ನೂ ಕಾಲು ನಿಂತಿಲ್ಲ. ಮಾತಾಡುತ್ತಲೇ ಎದ್ದು ಹೋಗಿ ನೀರು ನೋಡಿ ಬರುತ್ತಾರೆ, ಮರಿ ಎಲ್ಲಿದೆ ಎಂದು ಇಣುಕುತ್ತಾರೆ. ಮಳೆಗಾಲ ಹೇಗೋ ಏನೋ ಎಂಬ ಚಿಂತೆ ಮಾತಿನ ನಡುನಡುವೆ ಬರುತ್ತದೆ. ಮಹಾಂತಪ್ಪ ಎರಡು ಸಲ ಫೋನ್ ಮಾಡಿದ್ದರಂತೆ, ಬಿಳಿ ಕುದುರೆಯ ಕಾಲು ವಾಸಿಯಾಗಿದೆ ಎಂದು ಹೇಳಲು.

ಮುಂಡಗೋಡಿನಿಂದ ದುಂಡೇಶ ಎಂಬವರು ತಮ್ಮ ಎರಡು ಕುದುರೆಗಳನ್ನು ಇಲ್ಲಿ ಬಿಡಬಹುದೇ ಎಂದು ವಿಚಾರಿಸಲು ಬಂದಿದ್ದಾರೆ. ಜಾಗ, ಮೇವು ಎಲ್ಲ ನೋಡಿ, ಮುಂದೆ ಬಿಡಿಸಿಕೊಂಡು ಹೋಗುವುದಾದರೆ ಎಷ್ಟು ದಿನ ಮೊದಲು ಹೇಳಬೇಕು ಎಂದು ಕೇಳುತ್ತಾರೆ. ಆಸಿಫಾ ಸೆಲಿನ್ ಕಡೆ ನೋಡುತ್ತಾರೆ. ಸೆಲಿನ್ ಕೈಯಲ್ಲಿದ್ದ ಬುಟ್ಟಿಯನ್ನು ಕೆಳಗಿಡುತ್ತಾರೆ.

‘ಒಂದು ವಾರ ಮೊದಲ ಹೇಳ್ರಿ. ಹುಲ್ಲು ತರಸೂದು ನಾವೂ ನೋಡ್ಕೋಬೇಕಲ್ರೀ. ಕುದುರಿಗೆ ಆರಾಮ ಇಲ್ಲಂದ್ರ ಹೇಳಿದ ದಿನಾನ ಒಯ್ರಿ, ನಾನ ಹತ್ತಿಸಿ ಕಳಸ್ತೇನಿ’ ಎನ್ನುತ್ತಾರೆ. ದುಂಡೇಶ ಒಪ್ಪಿ, ಯಾರಿಗೆ ಹೇಳಬೇಕು ಎಂದು ಕೇಳಿದಾಗ ಸೆಲಿನ್ ಮುಖದಲ್ಲಿ ಮೊದಲ ಸಲ ನಗು ಕಾಣುತ್ತದೆ.

‘ನನಗ ಹೇಳ್ರಿ. ನಾ ಕೇಳಿಸ್ಕೋತೇನಿ.’