ಆಮೆ ಮಾಮನ ವ್ಯಾನು ನಿಂತ ಜಾಗ

ಶಾಲೆಯ ವ್ಯಾನು ಓಡಿಸುವ ಆ ಮನುಷ್ಯನಿಗೆ ಮಕ್ಕಳು ಇಟ್ಟ ಹೆಸರು ಆಮೆ ಮಾಮ. ಇಟ್ಟವರು ಸುಳ್ಳೇನೂ ಹೇಳಿಲ್ಲ. ಸೈಕಲ್ಲಿನವರು ಕೂಡ ಅವನನ್ನು ಹಿಂದೆ ಹಾಕಿ ಹೋಗುತ್ತಾರೆ. ನನ್ನ ಪಂಕ್ಚರ್ ಅಂಗಡಿಯ ಕಡೆಗೆ ಅವನ ವ್ಯಾನು ಬರುವಾಗ, ಬರುತ್ತಿದೆಯೋ ನಿಂತಿದೆಯೋ ಎಂದು ನಾನು ಎದ್ದು ನೋಡಿದ್ದುಂಟು. ಎಷ್ಟು ರೇಗಿಸಿದರೂ ನಗುತ್ತಾನೆ, ಇಲ್ಲವೇ ಸುಮ್ಮನಾಗುತ್ತಾನೆ. ಅವನ ಹತ್ತಿರ ಇರುವ ಉತ್ತರ ಇವೆರಡೇ. ನನಗೆ ಮೈ ಉರಿಯುವುದು ಅದಕ್ಕೇ. ನನಗೆ ಅವನಿಟ್ಟ ಹೆಸರು ಸಾಸಿವೆ. ಬಾಣಲೆ ಸ್ವಲ್ಪ ಬಿಸಿಯಾದರೆ ಸಾಕು, ಸಿಡಿಯುತ್ತೇನಂತೆ.

ವ್ಯಾನಿಗೆ ಮುಂಚೆ ಅವನು ಗಾಜಿನ ಲಾರಿ ಓಡಿಸುತ್ತಿದ್ದ. ಅಂಗಡಿಗಳ ಮುಂಭಾಗಕ್ಕೆ ಹಾಕುವ ಆಳೆತ್ತರದ ಗಾಜಿನ ಹಾಳೆಗಳು. ಒಂದು ಮೂಲೆಯಲ್ಲಿ ಬಿರುಕು ಬಿಟ್ಟರೂ ಇಡೀ ಹಾಳೆ ತಿಪ್ಪೆಗೆ. ಹರೆಯವೆಲ್ಲ ಅದರಲ್ಲೇ ಕಳೆಯಿತು. ಗಾಜು ಒಡೆಯುವುದು ರಸ್ತೆಯ ಗುಂಡಿಯಿಂದಲ್ಲ, ಡ್ರೈವರನ ಅವಸರದಿಂದ ಎಂದು ಈಗಲೂ ಹೇಳುತ್ತಾನೆ. ಬೆನ್ನು ಹಿಡಿದುಕೊಂಡ ಮೇಲೆ ಲಾರಿ ಬಿಟ್ಟು ಮಕ್ಕಳ ವ್ಯಾನು ಹತ್ತಿದ. ಸರಕು ಬದಲಾಯಿತು, ಬ್ರೇಕಿನ ಮೇಲಿನ ಕಾಲು ಬದಲಾಗಲಿಲ್ಲ. ಹತ್ತುವಾಗ ಮಕ್ಕಳ ಚೀಲ ಇಸಿದುಕೊಳ್ಳುತ್ತಾನೆ, ಇಳಿಯುವಾಗ ಬೂಟಿನ ದಾರ ಬಿಚ್ಚಿದೆಯೇ ನೋಡುತ್ತಾನೆ. ಕಿಟಕಿ ಪಕ್ಕದ ಸೀಟಿಗೆ ಜಗಳ ಬಿದ್ದರೆ ಸರದಿ ಹಾಕುತ್ತಾನೆ; ಆ ಸರದಿ ತಪ್ಪಿಸುವ ಧೈರ್ಯ ಯಾವ ಮಗುವಿಗೂ ಇಲ್ಲ.

ಹೀಗೆ ನೆಟ್ಟಗೆ ನಡೆಯುತ್ತಿದ್ದುದಕ್ಕೆ ಕಲ್ಲು ಹಾಕಿದ್ದು ಫೋನು.

ವ್ಯಾನಿಗೆ ಮೊದಲು ಹತ್ತುವವಳು ಎರಡನೇ ಕ್ಲಾಸಿನ ಒಂದು ಹುಡುಗಿ. ಅವಳ ಅಪ್ಪ ಇನ್ಶೂರೆನ್ಸ್ ಆಫೀಸಿನಲ್ಲಿದ್ದಾನೆ. ವ್ಯಾನಿನ ಮಕ್ಕಳ ತಾಯ್ತಂದೆಯರಿಗೆಲ್ಲ ಫೋನಿನಲ್ಲಿ ಒಂದು ಗ್ರೂಪ್ ಮಾಡಿದವನು, ಅದರ ಯಜಮಾನಿಕೆ ನಡೆಸುವವನು ಅವನೇ. ಒಂದು ದಿನ ಆ ಮಗುವಿನ ಮುಂದಿನ ಹಲ್ಲು ಬಿತ್ತು. ಮನೆಯಲ್ಲಿ ಹಲ್ಲಿಲ್ಲದವರೆಂದರೆ ಅಜ್ಜಿ ಒಬ್ಬರೇ. ಹಾಗಾದರೆ ತಾನೂ ಮುದುಕಿಯಾದೆ, ಇನ್ನು ತನ್ನ ಕಥೆ ಮುಗಿಯಿತು ಎಂದುಕೊಂಡ ಮಗು ಎದೆ ಬಡಿದುಕೊಂಡು ಅತ್ತಿತು. "ಅಪ್ಪಾ, ನಾನು ಅಜ್ಜಿ ಆಗ್ಬಿಟ್ಟೆ. ನನ್ನ ಬಣ್ಣದ ಪೆನ್ಸಿಲ್ ಡಬ್ಬಿ ತಮ್ಮಂಗೇ ಕೊಟ್ಬಿಡಿ" ಅಂದಿತು. ಕಣ್ಣು ಒರೆಸಬೇಕಾದ ಕೈಯಲ್ಲಿ ಅಪ್ಪ ಫೋನು ಹಿಡಿದು ವಿಡಿಯೋ ಮಾಡಿದ. ಮಾಡಿ ಗ್ರೂಪಿಗೆ ಹಾಕಿದ.

ನಗು ಬರುವಂಥದ್ದೇ, ಇಲ್ಲವೆನ್ನುವುದಿಲ್ಲ. ಆದರೆ ನಗು ಮನೆಯೊಳಗಿದ್ದರೆ ನಗು. ಆ ವಿಡಿಯೋ ಗ್ರೂಪಿನಿಂದ ಗ್ರೂಪಿಗೆ ಹಾರಿ, ನನಗೆ ಟ್ಯೂಬು ಮಾರುವ ಸಗಟಿನವನ ಕೈ ಸೇರಿ, ಅಲ್ಲಿಂದ ನನ್ನ ಫೋನಿಗೂ ಬಂತು, ಹಿಂದೆ ನಗುವ ಹಳದಿ ಮುಖಗಳ ಸಾಲು ಕಟ್ಟಿಕೊಂಡು. ಶಾಲೆಯ ಮಕ್ಕಳು ಬಿಡುತ್ತಾರೆಯೇ? ಅಜ್ಜೀ ಕೋಲೆಲ್ಲಿ, ಅಜ್ಜೀ ಡಬ್ಬಿ ಯಾರಿಗೆ ಬರೆದಿಟ್ಟೆ ಎಂದು ಹುರಿದು ತಿಂದರು.

ಆವತ್ತಿನಿಂದ ಮಗು ವ್ಯಾನು ಹತ್ತಿದ ಕೂಡಲೇ ಅಳಲು ಶುರು ಮಾಡುತ್ತಿತ್ತು. ಅವಳ ಮನೆಗೂ ಮುಂದಿನ ಮಗುವಿನ ಮನೆಗೂ ನಡುವೆ ನನ್ನ ಅಂಗಡಿ, ಅಂಗಡಿಯ ಮುಂದೆ ನಲ್ಲಿ. ಆಮೆ ಮಾಮ ಅಲ್ಲಿ ವ್ಯಾನು ನಿಲ್ಲಿಸಿ ಅವಳನ್ನು ಇಳಿಸುತ್ತಿದ್ದ. ಅವಳು ನನ್ನ ಬೆಂಚಿನ ಮೇಲೆ ಕೂತು ಅಳುವಷ್ಟು ಅತ್ತು, ಮುಖ ತೊಳೆದುಕೊಂಡು, ಅವನ ಟವೆಲಿನಲ್ಲಿ ಒರೆಸಿಕೊಳ್ಳುತ್ತಿದ್ದಳು. ಅಷ್ಟು ಹೊತ್ತು ಅವನು ಬೇರೆ ಕಡೆ ತಿರುಗಿ ವ್ಯಾನಿನ ಕನ್ನಡಿ ಒರೆಸುತ್ತಿದ್ದ. ಕಣ್ಣಿನ ಕೆಂಪು ಇಳಿದ ಮೇಲೆ ಹೊರಡುತ್ತಿದ್ದರು. ಉಳಿದ ಮಕ್ಕಳು ಹತ್ತುವಾಗ ಅಳುಮುಖ ಕಾಣಬಾರದು, ಅಷ್ಟೇ.

ಇದು ಸರಿಯಲ್ಲ, ಅವರಪ್ಪನಿಗೆ ಹೇಳು ಎಂದು ನಾನು ದಿನವೂ ಬಡಿದುಕೊಂಡೆ. ಒಂದು ದಿನ ಮಗು ವ್ಯಾನು ಹತ್ತಿ ಕೂತ ಮೇಲೆ ಅವನು ನನ್ನ ಹತ್ತಿರ ಬಂದ.

"ಅಪ್ಪಂಗೆ ಹೇಳಿದ್ರೆ, ನಾನು ಅಳೋದನ್ನೂ ಗ್ರೂಪಿಗೆ ಹಾಕ್ತಾರೆ ಅಂತಾಳೆ ಕಣೋ ಸಾಸಿವೆ. ಹೇಳಲ್ಲ ಅಂತ ಆಣೆ ಇಡಿಸ್ಕೊಂಡಿದ್ದಾಳೆ. ಏನು ಮಾಡ್ಲಿ?"

ಆಮೇಲೆ ಅವರಪ್ಪನ ಮಾತನ್ನು ನಾನೂ ಎತ್ತಲಿಲ್ಲ.

ಆಗಲೇ ವ್ಯಾನಿಗೆ ಒಂದು ಯಂತ್ರ ಕೂರಿಸಿದರು. ವ್ಯಾನು ಎಲ್ಲಿದೆಯೆಂದು ತಾಯ್ತಂದೆಯರ ಫೋನಿನಲ್ಲಿ ಕೆಂಪು ಚುಕ್ಕಿಯಾಗಿ ಕಾಣುತ್ತದೆ. ಚುಕ್ಕಿ ದಿನವೂ ಒಂದೇ ಜಾಗದಲ್ಲಿ ನಿಲ್ಲುವುದನ್ನು ಗ್ರೂಪು ಕಂಡುಹಿಡಿಯಿತು. ಬೀಡಿ ಸೇದುತ್ತಾನೆ ಎಂದರು ಒಬ್ಬರು, ಡೀಸೆಲ್ ಕದ್ದು ಮಾರುತ್ತಾನೆ ಎಂದರು ಇನ್ನೊಬ್ಬರು. ಆಗ ವ್ಯಾನಿನಲ್ಲಿ ಹೆಣ್ಣುಮಗು ಒಂದೇ ಇರುತ್ತದಲ್ಲ ಎಂದು ಯಾರೋ ಬರೆದರು. ಆಮೇಲೆ ಕೇಳಬೇಕೆ? ಹೆಣ್ಣುಮಗುವಿನ ತಂದೆ ಭಯಪಡಬಾರದೆಂದು ನಾನು ಹೇಳುವುದಿಲ್ಲ. ಆದರೆ ಭಯ ಬಿದ್ದವನು ಎದ್ದು ಓಡಿ ಬರಬೇಕು. ಇವರು ಕೂತಲ್ಲೇ ಕೂತು ಮೆಸೇಜು ಬರೆದರು.

ಕೊನೆಗೆ ಆ ಅಪ್ಪನ ಅಪಾರ್ಟ್‌ಮೆಂಟಿನ ಕೆಳಗಿನ ಹಾಲಿನಲ್ಲಿ ಸಭೆ ಕರೆದರು. ಆಮೆ ಮಾಮನ ಜೊತೆಗೆ ನಾನೂ ಹೋದೆ. ಗೋಡೆಯ ಟೀವಿಯಲ್ಲಿ ನಕ್ಷೆ, ನಕ್ಷೆಯಲ್ಲಿ ನನ್ನ ಅಂಗಡಿ ಮುಂದೆ ಕೆಂಪು ಚುಕ್ಕಿ. ಅದು ನನ್ನ ಅಂಗಡಿ, ಕೇಳುವುದಿದ್ದರೆ ನನ್ನನ್ನು ಕೇಳಿ ಎಂದೆ. ಸರಿ, ಅಲ್ಲಿ ಏನು ನಡೆಯುತ್ತದೆ ಎಂದು ಇನ್ಶೂರೆನ್ಸಿನವನು ಕೇಳಿದ. ನಾನು ಆಮೆ ಮಾಮನ ಮುಖ ನೋಡಿದೆ. ಅವನು ತಲೆಯಾಡಿಸಿದ, ಬೇಡ ಎಂದು. ನೀರು ಹಿಡಿಯುತ್ತಾನೆ ಎಂದೆ. ದಿನಾ ನೀರಾ ಎಂದು ಹಿಂದಿನ ಸಾಲು ನಕ್ಕಿತು.

ಆಮೆ ಮಾಮ ಎದ್ದು ನಿಂತ. "ನಿಲ್ಲಿಸೋದು ನಿಜ. ನಾಳೆನೂ ನಿಲ್ಲಿಸ್ತೀನಿ. ನಿಮ್ಮಲ್ಲಿ ಯಾರಾದ್ರೂ ಬನ್ನಿ, ಇವನ ಬೆಂಚಿನ ಮೇಲೆ ಕೂತು ಕಣ್ಣಾರೆ ನೋಡಿ. ಆಮೇಲೆ ಬೇಡ ಅಂದ್ರೆ ಬಿಟ್ಟು ಹೋಗ್ತೀನಿ."

ಎಲ್ಲರಿಗೂ ಬೆಳಿಗ್ಗೆ ಕೆಲಸ. ಒಬ್ಬಳಿಗೆ ಜಿಮ್ಮು, ಒಬ್ಬನಿಗೆ ಆಫೀಸಿನ ಮೀಟಿಂಗು. ಬರುವುದೇಕೆ, ವ್ಯಾನಿನೊಳಗೆ ಕ್ಯಾಮೆರಾ ಹಾಕಿದರೆ ಎಲ್ಲರೂ ಫೋನಿನಲ್ಲೇ ನೋಡಬಹುದಲ್ಲ ಎಂದ ಇನ್ಶೂರೆನ್ಸಿನವನು. ಹೆಬ್ಬೆಟ್ಟಿನ ಚಿತ್ರ ಒತ್ತಿ ಒಪ್ಪಿಗೆ ಕೊಡಿ ಎಂದು ಗ್ರೂಪಿಗೆ ಬರೆದ. ಒಂದೇ ಕೋಣೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತವರು ಬಾಯಿ ಬಿಡಲಿಲ್ಲ; ಫೋನುಗಳು ಮಾತ್ರ ಟುಂಯ್ ಟುಂಯ್ ಎಂದವು.

"ಕ್ಯಾಮೆರಾ ಬಂದ್ರೆ ಕೀ ಇಲ್ಲೇ ಇಟ್ಟು ಹೋಗ್ತೀನಿ" ಎಂದ ಆಮೆ ಮಾಮ.

ಕ್ಯಾಮೆರಾಗೆ ಹೆದರುವವನ ಹೊಟ್ಟೆಯಲ್ಲಿ ಏನೋ ಇದೆ ಎಂದು ಎಲ್ಲರೂ ತೀರ್ಮಾನಿಸಿದರು. ಅವನು ಕೀ ಇಟ್ಟೇಬಿಟ್ಟ. ದಾರಿಯುದ್ದಕ್ಕೂ ಅವನನ್ನು ಬೈದೆ. ಅವನ ಹೆಂಡತಿ ನನಗಿಂತ ಚೆನ್ನಾಗಿ ಬೈದಳು. ಊರವರ ಮಗೂಗೋಸ್ಕರ ನಮ್ಮ ಒಲೆ ಆರಿಸಿದಿರಾ ಎಂದು ಪಾತ್ರೆ ಕುಕ್ಕಿದಳು. ಅವನು ನಗಲಿಲ್ಲ, ಸುಮ್ಮನಾದ. ವಾರ ಕಳೆಯುವುದರೊಳಗೆ ಹಾಸಿಗೆ ಅಂಗಡಿಯ ಗಾಡಿ ಓಡಿಸುವ ಕೆಲಸ ಹಿಡಿದ.

ಹೊಸ ಡ್ರೈವರು ಬಾಣ ಬಿಟ್ಟಂತೆ ಹೋಗುತ್ತಿದ್ದ. ಚುಕ್ಕಿ ಎಲ್ಲೂ ನಿಲ್ಲಲಿಲ್ಲ, ಗ್ರೂಪಿಗೆ ನೆಮ್ಮದಿ. ಆ ಮಗುವಿನ ಮುಖ ನನ್ನ ನಲ್ಲಿಯ ಮುಂದೆ ಕಿಟಕಿಯಲ್ಲಿ ಒಂದು ಕ್ಷಣ ಕಂಡು ಮರೆಯಾಗುತ್ತಿತ್ತು. ನಾನು ಕೈಯಲ್ಲಿದ್ದ ಸ್ಪ್ಯಾನರ್ ಎತ್ತಿ ಎಸೆದದ್ದೂ ಉಂಟು. ಅದು ನನ್ನದೇ ಬಕೆಟ್ಟನ್ನು ಒಡೆಯಿತು.

ಅಳುವ ಮಗು ಈಗ ವ್ಯಾನಿನಲ್ಲೇ ಅತ್ತಿತು. ಕ್ಯಾಮೆರಾ ತನ್ನ ಕೆಲಸ ಮಾಡಿತು. ಯಾರ ಮನೆಯ ಫೋನಿನಿಂದಲೋ ಗೊತ್ತಿಲ್ಲ, ಅದನ್ನು ತುಂಡು ಕತ್ತರಿಸಿ, ಅಜ್ಜಿ ಮತ್ತೆ ಬಂದಳು ಎಂದು ಮೇಲೆ ಬರೆದು ಹರಿಬಿಟ್ಟರು. ಅದು ಊರೆಲ್ಲ ಸುತ್ತಿ ಅಪ್ಪನ ಫೋನಿಗೆ ಬಂತು, ಅವನ ಆಫೀಸಿನವನೊಬ್ಬ ನಗುತ್ತಾ ಕಳಿಸಿದ್ದ.

ಮಾರನೆಯ ದಿನ ಇನ್ಶೂರೆನ್ಸಿನವನು ನನ್ನ ಅಂಗಡಿಗೆ ನಡೆದೇ ಬಂದ. ಗಡ್ಡ ಕೂಡ ಮಾಡಿರಲಿಲ್ಲ.

"ಆ ಡ್ರೈವರ್ ಮನೆ ಎಲ್ಲಿ ಅಂತ ಹೇಳ್ತೀರಾ?"

"ಫೋನಲ್ಲಿ ಚುಕ್ಕಿ ಇರತ್ತಲ್ಲ ಸಾರ್, ನೋಡ್ಕೊಳ್ಳಿ" ಎಂದೆ.

ತಿರುಗಿ ಬೈಯುತ್ತಾನೆ, ಒಂದು ಕೈ ನೋಡೋಣ ಎಂದು ತೋಳು ಮಡಚಿದ್ದೆ. ಅವನು ಬೆಂಚಿನ ಮೇಲೆ ಕೂತ. ಮಗಳು ನಿನ್ನೆಯಿಂದ ತನ್ನ ಮುಂದೆ ಬಾಯಿ ಬಿಡುತ್ತಿಲ್ಲ, ತಾನು ಫೋನು ಎತ್ತಿದರೆ ಸಾಕು ಮುಖ ಮುಚ್ಚಿಕೊಳ್ಳುತ್ತಾಳೆ ಎಂದ. ಆಣೆ ಇಟ್ಟವನು ಆಮೆ ಮಾಮ, ನಾನಲ್ಲ. ಎಲ್ಲವನ್ನೂ ಹೇಳಿದೆ. ಅವನು ಕೂತ ಜಾಗವೇ ಅವಳು ಕೂರುತ್ತಿದ್ದ ಜಾಗ ಎಂದೂ ಹೇಳಿದೆ.

ಇಬ್ಬರೂ ಹಾಸಿಗೆ ಅಂಗಡಿಗೆ ಹೋದೆವು. ಆಮೆ ಮಾಮ ಬೆನ್ನ ಮೇಲೆ ಹಾಸಿಗೆ ಹೊತ್ತಿದ್ದ. ತಪ್ಪಾಯಿತು, ವಾಪಸು ಬನ್ನಿ ಎಂದು ಅಪ್ಪ ಕೈ ಹಿಡಿದುಕೊಂಡ.

"ಆ ಮಾತು ಮಗು ಹತ್ರ ಹೇಳಿ ಸ್ವಾಮಿ" ಎಂದ ಅವನು. "ಕ್ಯಾಮೆರಾ ಬಿಚ್ಚಿಸಿ. ಬರ್ತೀನಿ."

ಕ್ಯಾಮೆರಾ ಬಿಚ್ಚಿಸಲು ಅಪ್ಪ ಗ್ರೂಪಿನವರ ಜೊತೆ ಜಗಳವಾಡಬೇಕಾಯಿತು. ವಿಡಿಯೋ ಅಳಿಸಿ ಎಂದು ಒಬ್ಬೊಬ್ಬರ ಮನೆ ಬಾಗಿಲು ತಟ್ಟಿದ. ಎಲ್ಲರೂ ಅಳಿಸಿದೆವು ಎಂದರು. ಮೊನ್ನೆ ಬೇರೆ ಊರಿನಲ್ಲಿರುವ ನನ್ನ ಭಾವಮೈದುನನಿಂದ ನನಗೆ ಅದೇ ಬಂತು, ಎಷ್ಟು ಮುದ್ದಾಗಿದೆ ನೋಡಿ ಭಾವ ಎಂಬ ಮಾತಿನ ಜೊತೆ. ಫೋನು ಮಾಡಿ ಅವನ ಜನ್ಮ ಜಾಲಾಡಿದೆ. ಏನು ಪ್ರಯೋಜನ? ಅವನಿಗೆ ಕಳಿಸಿದವನು ಯಾರೆಂದು ಅವನಿಗೇ ನೆನಪಿಲ್ಲ.

ಈಗ ಮತ್ತೆ ವ್ಯಾನು ಆಮೆಯಂತೆ ಬಂದು ನಲ್ಲಿಯ ಹತ್ತಿರ ನಿಲ್ಲುತ್ತದೆ. ಮಗು ಕೆಲವು ದಿನ ಅಳುತ್ತದೆ, ಕೆಲವು ದಿನ ಬರಿದೇ ಮುಖ ತೊಳೆದು ಹೋಗುತ್ತದೆ. ಹೊಸ ಹಲ್ಲಿನ ತುದಿ ಕಾಣಿಸಿದೆ. ನನಗೊಬ್ಬನಿಗೆ ತೋರಿಸಿದಳು, ಅಪ್ಪನಿಗೆ ಇನ್ನೂ ತೋರಿಸಿಲ್ಲವಂತೆ. ಅಪ್ಪ ಬಿಡುವಾದಾಗ ಬಂದು ಬೆಂಚಿನ ತುದಿಯಲ್ಲಿ, ಅವಳಿಗೆ ಸ್ವಲ್ಪ ದೂರವಾಗಿ ಕೂರುತ್ತಾನೆ. ನಿನ್ನೆ ಹಾಗೆ ಕೂತಿದ್ದಾಗ ಅವನ ಫೋನು ಟುಂಯ್ ಎಂದಿತು. ಚುಕ್ಕಿ ಮತ್ತೆ ನಿಂತಿದೆ, ಯಾಕೆ ಎಂದು ಗ್ರೂಪಿನಲ್ಲಿ ಒಬ್ಬಳು ಕೇಳಿದ್ದಳು. ಮಗು ಆಗಲೇ ಟವೆಲಿನಲ್ಲಿ ಮುಖ ಮುಚ್ಚಿಕೊಂಡಿತ್ತು. ಅಪ್ಪ ಅವಳಿಗೆ ಬೆನ್ನು ತಿರುಗಿಸಿ ನಿಂತು, ನಾನು ಇಲ್ಲೇ ಇದ್ದೇನೆ, ಬೇಕಾದವರು ಬಂದು ನೋಡಿ ಎಂದು ಬರೆದು ಫೋನನ್ನು ಜೇಬಿಗೆ ಹಾಕಿದ.

ಜೇಬಿನೊಳಗಿನಿಂದ ಟುಂಯ್ ಟುಂಯ್ ಕೇಳಿಸುತ್ತಲೇ ಇತ್ತು. ಬೆಂಚಿನ ಮೇಲೆ ಇನ್ನೂ ಇಬ್ಬರು ಕೂರುವಷ್ಟು ಜಾಗವಿದೆ. ಇವತ್ತೂ ಯಾರೂ ಬಂದಿಲ್ಲ.