ಎದುರುಮನೆ ಮೇಷ್ಟ್ರ ಸರ್ವರ್

ಕೆಲವು ವಿವರಗಳು ತಪ್ಪಿರಬಹುದು. ಆ ಕಂಪ್ಯೂಟರ್ ಬೂದು ಬಣ್ಣದ್ದೋ ಕಪ್ಪೋ ಎಂದು ಕೇಳಿದರೆ ಈಗ ಹೇಳಲಾರೆ. ಮೊನ್ನೆ ದಾವಣಗೆರೆಯ ರಿಪೇರಿ ಅಂಗಡಿಯಲ್ಲಿ ನನ್ನ ಲ್ಯಾಪ್‌ಟಾಪ್ ಬಿಚ್ಚಿದಾಗ ಬಿಸಿಯಾದ ಧೂಳಿನ ವಾಸನೆ ಬಂತು. ಹರಿಹರದಲ್ಲಿ ನಮ್ಮ ಎದುರುಮನೆ ಮೇಷ್ಟ್ರ ಪಡಸಾಲೆಯಲ್ಲೂ ಇದೇ ವಾಸನೆ ಇರುತ್ತಿತ್ತು...

ಅವರು ನಿವೃತ್ತ ಗಣಿತದ ಮೇಷ್ಟ್ರು. ಲಾಕ್‌ಡೌನ್ ಸಮಯದಲ್ಲಿ ವಿಡಿಯೊ ಕಾಲ್ ಮಾಡುವ ಓಪನ್ ಸೋರ್ಸ್ ತಂತ್ರಾಂಶವೊಂದನ್ನು ಇಳಿಸಿಕೊಂಡು, ಮನೆಯ ಹಳೆಯ ಕಂಪ್ಯೂಟರನ್ನೇ ಸರ್ವರ್ ಮಾಡಿದ್ದರು. ಅದಕ್ಕೆ ಹೊತ್ತಿನ ಮಿತಿ ಇರಲಿಲ್ಲ. ಬೀದಿಯವರೆಲ್ಲ ಅದನ್ನೇ ಬಳಸುತ್ತಿದ್ದರು. ನಮ್ಮ ಅಜ್ಜಿ ಮತ್ತು ನಂದಿಗುಡಿಯಲ್ಲಿದ್ದ ಅವಳ ತಂಗಿ ಬೆಳಿಗ್ಗೆ ಕಾಲ್ ಹಚ್ಚಿದರೆ ಸಂಜೆಯವರೆಗೂ ಬಿಡುತ್ತಿರಲಿಲ್ಲ. ಮಾತು ಕಡಿಮೆ. ಇಲ್ಲಿ ಇವಳು ಅಕ್ಕಿ ಆರಿಸುವಳು, ಅಲ್ಲಿ ಅವಳು ಬತ್ತಿ ಹೊಸೆಯುವಳು.

"ಮುಖ ತೋರ್ಸೇ, ಬರೀ ಸೂರು ಕಾಣ್ತೈತೆ" ಎಂದು ಅಜ್ಜಿ ಬೈದರೆ, "ಸೂರೇ ನೋಡಕ್ಕ, ನನಗಿಂತ ಚಂದೈತೆ" ಎನ್ನುವಳು ತಂಗಿ.

ಒಂದು ಮಧ್ಯಾಹ್ನ ಅಜ್ಜಿ ಕಾಲ್ ಮುಗಿಸಿ ಮಲಗಿದ್ದಾಗ, ತಂಗಿ ತೀರಿಕೊಂಡ ಸುದ್ದಿ ಚಿಕ್ಕಪ್ಪನ ಫೋನಿಗೆ ಬಂತು. ಅಜ್ಜಿಯ ಹೃದಯ ಆಗಲೇ ಸೋತಿತ್ತು. ಅವಳಿಗೆ ಹೇಳುವುದು ಬೇಡವೆಂದು ಮನೆಯವರು ನಿರ್ಧರಿಸಿದರು. ಆದರೆ ಎದ್ದ ಕೂಡಲೇ ಅವಳು ಕಾಲ್ ಹಚ್ಚುವವಳು. ಚಿಕ್ಕಪ್ಪ ಎದುರುಮನೆಗೆ ಹೋದ, ಹಿಂದೆಯೇ ನಾನೂ ಹೋದೆ. ಮೇಷ್ಟ್ರಿಗೆ ಅವನು ಸಾವಿನ ಸುದ್ದಿ ಹೇಳಿದ.

"ಸರ್ವರ್ ಕೆಟ್ಟೈತೆ ಅಂತ ಒಂದ್ ಮಾತು ಹೇಳಿಬಿಡ್ರಿ, ಮೇಷ್ಟ್ರೇ."

"ಸುಳ್ಳು ಯಾಕಪ್ಪ. ಬಂದ್ ಮಾಡೇ ಬಿಡ್ತೀನಿ" ಎಂದು ಮೇಷ್ಟ್ರು ಎದ್ದು ಪ್ಲಗ್ ಕಿತ್ತರು. ಬೀದಿಯ ಮಕ್ಕಳ ಪಾಠ, ತವರಿನವರ ಜೊತೆ ಯಾರೋ ಬಾಣಂತಿಯ ಮಾತು, ಎಲ್ಲವೂ ಒಮ್ಮೆಗೇ ನಿಂತವು. ಕಂಪ್ಯೂಟರಿನೊಳಗಿನ ಫ್ಯಾನು ನಿಧಾನವಾಗಿ ಸದ್ದಡಗಿದ್ದು ನೆನಪಿದೆ, ಅಥವಾ ಅದನ್ನು ಆಮೇಲೆ ನಾನೇ ಸೇರಿಸಿಕೊಂಡೆನೋ...

ಸಂಜೆ ಅಜ್ಜಿ ಮೇಷ್ಟ್ರನ್ನು ಕರೆಸಿದಳು. ಕೋಣೆಯಲ್ಲಿ ಅವರಿಬ್ಬರು, ಜೊತೆಗೆ ಚಿಕ್ಕಪ್ಪ. ನಾನು ಅಡುಗೆಮನೆಯಲ್ಲಿದ್ದೆ, ಮಾತು ಕೇಳಿಸಲಿಲ್ಲ. ಅಂದಿನಿಂದ ಅಜ್ಜಿ ತಂಗಿಯ ಹೆಸರೆತ್ತಲಿಲ್ಲ. ಮೇಷ್ಟ್ರು ಪ್ಲಗ್ಗನ್ನು ಮತ್ತೆ ಹಾಕಲಿಲ್ಲ. ಬೀದಿಯವರು ಕೇಳಿದರೆ "ಇನ್ನ ನನ್ ಕೈಲಿ ಆಗಲ್ರಿ" ಎನ್ನುತ್ತಿದ್ದರಂತೆ.

ಆ ಮಳೆಗಾಲ ಮುಗಿಯುವ ಮೊದಲೇ ಅಜ್ಜಿ ಹೋದಳು. ಮರುವರ್ಷ ಮೇಷ್ಟ್ರು. ಎರಡೂ ಸಲ ನನಗೆ ಅಳು ಬರಲಿಲ್ಲ. ಅದಕ್ಕೇನು ಅರ್ಥವೋ ತಿಳಿಯದು. ಈಗ ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ.

ಹೋದ ವಾರ ಹರಿಹರದಲ್ಲಿ ಚಿಕ್ಕಪ್ಪನನ್ನು ಒಂದು ಮಾತು ಕೇಳಿದೆ. ಅವನು ಎದ್ದು ಎದುರುಮನೆ ಕಡೆಯ ಕಿಟಕಿ ಮುಚ್ಚಿದ.

"ಅವತ್ತು ಕ್ವಾಣ್ಯಾಗ ಮೇಷ್ಟ್ರು ಅಜ್ಜಿಗೆ ಏನಂದ್ರು?"