ಸೀರೆಯ ಕೋಲು, ಕರುಳಿನ ನಳಿಗೆ

ನಮ್ಮ ಓಣಿಯ ದತ್ತಾತ್ರಿ ಬೆಟಗೇರಿಯ ಒಂದು ಖಾಸಗಿ ದವಾಖಾನೆಯಲ್ಲಿ ಕೆಲಸಕ್ಕಿದ್ದ. ಅಪ್ಪ, ಅಜ್ಜ ಗುಡಿಯ ಪೂಜೆ ಮಾಡಿದವರು. ಇವನ ಪಾಲಿಗೆ ಬಂದದ್ದು ದೊಡ್ಡ ಕರುಳಿನೊಳಗೆ ತೂರಿಸಿ ನೋಡುವ ಕರೀ ನಳಿಗೆ. ಅದನ್ನು ತೊಳೆದು, ಒರೆಸಿ ಡಾಕ್ಟರರ ಕೈಗೆ ಕೊಡುವವನು ಇವನೇ. ಅದು ಎಲ್ಲಿಂದ ಒಳಗೆ ಹೋಗುತ್ತದೆಂದು ಓಣಿಗೆಲ್ಲ ಗೊತ್ತಿತ್ತು, ಅವನ ತಾಯಿ ಜಾನಕೀಬಾಯಿಗೂ. ಹಿತ್ತಲಲ್ಲಿ ಜಳಕ ಮಾಡದೆ ಮಗ ಹೊಸ್ತಿಲು ದಾಟುವಂತಿರಲಿಲ್ಲ. ಉಳಿದವರು ನಗುತ್ತಿದ್ದರು. ನನಗಂತೂ ಆ ಮುದುಕಿಯ ಮೇಲೆ ಸಿಟ್ಟೇ ಬರುತ್ತಿತ್ತು.

೧೯೮೬ರಲ್ಲಿ ಅಂತೂರ ಬೆಂತೂರಿನ ಮರಿಯವ್ವ ಆ ದವಾಖಾನೆಗೆ ಬಂದಳು. ಆರು ತಿಂಗಳಿಂದ ಮಲದಲ್ಲಿ ರಕ್ತ. ಡಾಕ್ಟರ್ ಮಾರ್ತಾಂಡರು ಎರಡು ಸಲ ನೋಡಿದರು. ಒಂದು ತಿರುವಿನಲ್ಲಿ ಕರುಳಿನ ನೆರಿಗೆಗಳು ನಳಿಗೆಯ ಕಣ್ಣಿಗೇ ಅಂಟಿಕೊಂಡು ಬರೀ ಕೆಂಪು ಕಾಣುತ್ತಿತ್ತು.

"ಇನ್ನೊಮ್ಮೆ ನೋಡೂಣು. ಕಾಣಲಿಲ್ಲಂದ್ರ ಹೊಟ್ಟಿ ಕೊಯ್ದ ನೋಡಬೇಕು" ಎಂದರು.

ಮರಿಯವ್ವ ದತ್ತಾತ್ರಿಯ ಕೈ ಹಿಡಿದಳು. "ಯಪ್ಪಾ, ಕೊಯ್ಯಾಕ ಬಿಡಬ್ಯಾಡ್ರಿ. ಭಾಳ ಅಂಜಿಕಿ ಐತಿ."

ಮರುದಿನ ಬೆಳಗ್ಗೆ ಜಾನಕೀಬಾಯಿ ಮಡಿಸೀರೆ ಒಣಹಾಕುತ್ತಿದ್ದಳು. ಯಾರಿಗೂ ತಗಲದಂತೆ ಎತ್ತರದ ಗಳದ ಮೇಲೆ, ಕೋಲಿನಿಂದಲೇ. ಸೀರೆ ಹರಿಯದಿರಲೆಂದು ಕೋಲಿನ ತುದಿಗೆ ತೆಂಗಿನ ಚಿಪ್ಪಿನ ಗುಂಡನೆಯ ತುಂಡು. ಅದು ಮುಂದೆ ಹೋದಂತೆ ಒದ್ದೆ ನೆರಿಗೆಗಳು ಸರಿದು ದಾರಿ ಬಿಡುತ್ತಿದ್ದವು. ದತ್ತಾತ್ರಿ ಚಹಾ ಅಲ್ಲೇ ಬಿಟ್ಟು ದವಾಖಾನೆಗೆ ಓಡಿದ.

ಹೊಸ ಸಲೈನ್ ನಳಿಗೆಯಲ್ಲಿ ಹನಿ ಬೀಳುವ ದಪ್ಪ ಭಾಗದ ತಿಳಿ ಪ್ಲಾಸ್ಟಿಕ್ಕಿನಿಂದ ಬಳೆಯಂಥ ಟೊಪ್ಪಿಗೆ ಕತ್ತರಿಸಿದ. ಮೊದಲನೆಯದು ಉದ್ದವಾಯಿತು, ಎರಡನೆಯದು ಕಳಚಿ ಬಿತ್ತು. ಮೂರನೆಯದನ್ನು ಕರೀ ನಳಿಗೆಯ ತುದಿಗೆ ಹಾಕಿ ಮಾರ್ತಾಂಡರು ಎಳೆದರು, ಕೊಡವಿದರು, ತಮ್ಮದೇ ಮುಷ್ಟಿಯೊಳಗೆ ತೂರಿಸಿ ನೋಡಿದರು. ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಗುರುವಾರ ಮತ್ತೆ ಅದೇ ತಿರುವು. ಈ ಸಲ ಟೊಪ್ಪಿಗೆ ನೆರಿಗೆಗಳನ್ನು ಸರಿಸಿತು. ಹಿಂದೆ ಅಡಗಿದ್ದ ಕಡಲೆಕಾಳಿನಷ್ಟು ಗಂಟು ಕಂಡಿತು. ತಂತಿಯ ಕುಣಿಕೆ ಹಾಕಿ ಅಲ್ಲೇ ಸುಟ್ಟು ತೆಗೆದರು. ರಕ್ತ ನಿಂತಿತು.

ಹದಿನೈದು ದಿನಕ್ಕೆ ಮರಿಯವ್ವ ದತ್ತಾತ್ರಿಯ ಮನೆಗೆ ಉಡಿ ತುಂಬ ಹಸಿಗಡಲೆ ತಂದಳು. ನಾನು ಅವರ ಕಟ್ಟೆಯ ಮೇಲೇ ಕೂತಿದ್ದೆ.

"ನಿಮ್ಮ ಸೀರಿ ಕೋಲು ನೋಡಿ ಮಾಡಿದ್ರಂತ್ರಿ, ಅವ್ವಾರ. ನನ್ನ ಹೊಟ್ಟಿ ಉಳೀತು" ಎಂದು ಎಲ್ಲವನ್ನೂ ಹೇಳಿಬಿಟ್ಟಳು.

ಇನ್ನೇನು ರಾದ್ಧಾಂತವೋ ಎಂದುಕೊಂಡೆ. ಮುದುಕಿ ಕೋಲನ್ನು ನೋಡಿದಳು, ಮರಿಯವ್ವನ ಹೊಟ್ಟೆ ನೋಡಿದಳು. ದವಾಖಾನೆಯಿಂದ ಬಂದ ಮಗ ಎಂದಿನಂತೆ ಹಿತ್ತಲ ಕಡೆ ಹೊರಟಿದ್ದ.

"ದತ್ತಾ, ಒಳಗ ಬಾ. ಮೊದಲ ಚಹಾ ಕುಡಿ, ಜಳಕ ಆಮ್ಯಾಲ."

ದತ್ತಾತ್ರಿ ಚಪ್ಪಲಿ ಕಳಚಿ, ಜಳಕವಿಲ್ಲದೆ ಮೊದಲ ಸಲ ಹೊಸ್ತಿಲು ದಾಟಿದ.